ಜಂಸ್ಕಾರಿಗೆ ಬಂದ ದಾರಿ

2024ರ ಮಾರ್ಚ್ ತಿಂಗಳಲ್ಲಿ ನಿಮ್ಮು–ಪದುಮ್–ದಾರ್ಚಾ ರಸ್ತೆ ಒಂದು ತುದಿಯಿಂದ ಇನ್ನೊಂದು ತುದಿಗೆ ಕೂಡಿಕೊಂಡಿತೆಂದು ಗಡಿ ರಸ್ತೆಗಳ ಸಂಸ್ಥೆ ಪ್ರಕಟಿಸಿತು. ಲಡಾಖಿನ ಸಿಂಧೂ ದಂಡೆಯಿಂದ ಹೊರಟು, ಜಂಸ್ಕಾರ್ ಕಣಿವೆಯನ್ನು ಹಾದು, ಹಿಮಾಚಲ ಪ್ರದೇಶದ ಲಾಹೌಲ್ ಸೇರುವ ಈ ರಸ್ತೆಯ ಉದ್ದ 298 ಕಿಲೋಮೀಟರ್. ಮನಾಲಿ ಮತ್ತು ಶ್ರೀನಗರಗಳಿಂದ ಲೇಹ್‌ಗೆ ಬರುವ ಎರಡು ದಾರಿಗಳ ಜೊತೆಗೆ ಸೇನೆಗೆ ಮೂರನೆಯದೊಂದು ದೊರೆಯಿತೆಂಬ ಸಮಾಧಾನ ಸರ್ಕಾರಕ್ಕಿದೆ. ಈ ದಾರಿ ಜಂಸ್ಕಾರಿನ ಹಳ್ಳಿಗನಿಗೆ ಏನನ್ನು ತರುತ್ತದೆ, ಅವನಿಂದ ಏನನ್ನು ಒಯ್ಯುತ್ತದೆ ಎಂಬುದು ಬೇರೆಯೇ ಪ್ರಶ್ನೆ.

ಹಿರಿಯ ಹಿಮಾಲಯಕ್ಕೂ ಜಂಸ್ಕಾರ್ ಶ್ರೇಣಿಗೂ ನಡುವೆ ಇರುವ ಈ ಕಣಿವೆಯ ಮುಖ್ಯ ಊರು ಪದುಮ್. ಎತ್ತರ ಸುಮಾರು 3,600 ಮೀಟರ್. ಸ್ತೋದ್ ಮತ್ತು ತ್ಸರಾಪ್ ನದಿಗಳು ಅಲ್ಲಿ ಕೂಡಿ ಜಂಸ್ಕಾರ್ ನದಿಯಾಗಿ, ಆಳವಾದ ಕೊರಕಲಿನಲ್ಲಿ ಉತ್ತರಕ್ಕೆ ಹರಿದು, ನಿಮ್ಮುವಿನ ಬಳಿ ಸಿಂಧೂವನ್ನು ಸೇರುತ್ತವೆ. ಮಳೆಯ ಮೋಡಗಳನ್ನು ಹಿರಿಯ ಹಿಮಾಲಯವೇ ತಡೆಯುವುದರಿಂದ ಬಾರ್ಲಿಯ ಹೊಲಗಳು ಹಿಮ ಕರಗಿದ ನೀರನ್ನೇ ನಂಬಿಕೊಂಡಿವೆ. 1980ರ ಸುಮಾರಿಗೆ ಕಾರ್ಗಿಲ್‌ನಿಂದ ಪದುಮ್‌ಗೆ ಬಂದ ಹಳೆಯ ರಸ್ತೆ ಸುಮಾರು 4,400 ಮೀಟರ್ ಎತ್ತರದ ಪೆನ್ಸಿ ಲಾ ಕಣಿವೆದಾರಿಯನ್ನು ಏರಬೇಕು. ಚಳಿಗಾಲ ಬಂತೆಂದರೆ ಹಿಮ ಬಿದ್ದು ಅದು ತಿಂಗಳುಗಟ್ಟಲೆ ಮುಚ್ಚುತ್ತದೆ.

ಆಗ ಉಳಿಯುತ್ತಿದ್ದುದು ಚಾದರ್, ಎಂದರೆ ಹೆಪ್ಪುಗಟ್ಟಿದ ನದಿ. ಜನ ಅದರ ಮೇಲೆ ದಿನಗಟ್ಟಲೆ ನಡೆದು ಬೆಣ್ಣೆಯನ್ನು ಲೇಹ್‌ಗೆ ಒಯ್ದು ಮಾರುತ್ತಿದ್ದರು. ತಂದೆಯರು ಮಕ್ಕಳನ್ನು ಕರೆದುಕೊಂಡು ಹೋಗಿ ಶಾಲೆಗೆ ಬಿಟ್ಟು ಬರುತ್ತಿದ್ದರು. ಈಚಿನ ವರ್ಷಗಳಲ್ಲಿ ಚಾದರ್ ಪ್ರವಾಸಿಗಳ ಸಾಹಸವಾಗಿದೆ. ರಸ್ತೆಯಿಂದ ಈ ಪರಂಪರೆ ಅಳಿಯಿತೆಂದು ಮರುಗುವ ಪರಿಸರಪ್ರಿಯರೂ ಇದ್ದಾರೆ. ಹೆರಿಗೆಯ ನೋವು ತಿನ್ನುತ್ತಿರುವ ಹೆಂಗಸಿಗೆ ಚಾದರ್ ದಾರಿಯೇ ಅಲ್ಲವೆಂಬುದನ್ನು ಅವರು ಮರೆಯುತ್ತಾರೆ. ಜಂಸ್ಕಾರಿಗಳಿಗೆ ರಸ್ತೆ ಬೇಡವೆನ್ನುವ ಹಕ್ಕು ಹೊರಗಿನ ಯಾರಿಗೂ ಇಲ್ಲ.

ಆದರೆ ಎಂಥ ರಸ್ತೆ? ಅಲ್ಲಿಯ ಇಳಿಜಾರುಗಳಲ್ಲಿ ಮಣ್ಣನ್ನು ಹಿಡಿದಿಡುವ ಬೇರುಗಳಿಲ್ಲ. ಬಂಡೆಯ ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ. 9ರಷ್ಟು ಹಿಗ್ಗಿ ಕಲ್ಲನ್ನು ಸೀಳುತ್ತದೆ. ಹೀಗೆ ಉದುರಿದ ಸಡಿಲ ಕಲ್ಲುರಾಶಿ ತನ್ನ ಬುಡದ ಆಧಾರದಿಂದಷ್ಟೇ ನಿಂತಿರುತ್ತದೆ; ರಸ್ತೆ ಕಡಿಯುವುದು ಆ ಬುಡವನ್ನೇ. ಅಗಲದ ಮಾತೂ ಇದೆ. ಒಂದೇ ಸಮನಾದ ಇಳಿಜಾರಿನಲ್ಲಿ ಗುಡ್ಡವನ್ನು ಕೊರೆದೇ ರಸ್ತೆ ಮಾಡಿದರೆ, ಅಗಲ ಇಮ್ಮಡಿಯಾದಾಗ ಕಡಿಯಬೇಕಾದ ಮಣ್ಣು ನಾಲ್ಮಡಿಯಾಗುತ್ತದೆ. ವಿದ್ಯಾರ್ಥಿಗಳು ಕಾಗದದ ಮೇಲೆ ತ್ರಿಕೋನ ಬರೆದು ನೋಡಬಹುದು. ಉತ್ತರಾಖಂಡದ ಚಾರ್‌ಧಾಮ್ ರಸ್ತೆಯ ವಿಷಯದಲ್ಲಿ 5.5 ಮೀಟರ್ ಅಗಲದ ನಿಯಮವನ್ನೇ ಪಾಲಿಸಬೇಕೆಂದು ಸುಪ್ರೀಂ ಕೋರ್ಟ್ 2020ರ ಸೆಪ್ಟೆಂಬರಿನಲ್ಲಿ ಹೇಳಿತು. ಸೇನೆಯ ಅಗತ್ಯವನ್ನು ಒಪ್ಪಿ 2021ರ ಡಿಸೆಂಬರಿನಲ್ಲಿ ದ್ವಿಪಥಕ್ಕೆ ಅನುಮತಿ ನೀಡಿತು. ಅಗಲವನ್ನು ಗೊತ್ತುಮಾಡಿದ್ದು ಸೇನಾವಾಹನ, ಗುಡ್ಡದ ಗುಣವಲ್ಲ.

ಗಡಿಗೆಂದು ಬಂದ ರಸ್ತೆ ಬೇರೆ ಸರಕನ್ನೂ ಹೊರುತ್ತದೆಂಬುದು ಗಢವಾಲದ ಅನುಭವ. 1962ರ ಯುದ್ಧದ ನಂತರ ಅಲ್ಲಿಗೆ ರಸ್ತೆಗಳು ಬಂದವು, ಬೆನ್ನಿಗೇ ನಾಟಾದ ಗುತ್ತಿಗೆದಾರರು ಬಂದರು. 1973ರ ಚಿಪ್ಕೋ ಹುಟ್ಟಿದ್ದು ಆ ನೆಲದಲ್ಲಿ. 1983ರಲ್ಲಿ ಸಲ್ಕಣಿಯ ಜನ ಕನ್ನಡಕ್ಕೆ ತಂದುಕೊಂಡದ್ದು ಅದರ ಹೆಸರನ್ನೇ. ಜಂಸ್ಕಾರಿನಲ್ಲಿ ಸಾಗಿಸಲು ಕಾಡಿಲ್ಲ. ಇರುವುದು ಹಿಮ. ಅದೂ ಕಡಿಮೆಯಾಗುತ್ತಿದೆ. ಪದುಮ್ ಸಮೀಪದ ಕುಮಿಕ್ ಹಳ್ಳಿಯಲ್ಲಿ ತೊರೆ ಬತ್ತಿ, ಜನ ಕೆಳಗಿನ ಬಯಲಿನಲ್ಲಿ ಹೊಸ ಮನೆಗಳನ್ನು ಕಟ್ಟಿಕೊಳ್ಳಬೇಕಾಯಿತು. ಡೀಸೆಲ್ ಹೊಗೆಯ ಮಸಿ ಹಿಮದ ಮೇಲೆ ಕುಳಿತರೆ ಬಿಸಿಲನ್ನು ಹೀರಿ ಅದನ್ನು ಬೇಗ ಕರಗಿಸುತ್ತದೆ. ಲಾರಿಗಳ ಸಾಲು ಬೆಳೆದಾಗ ಈ ಲೆಕ್ಕವನ್ನು ಯಾರು ಇಡುತ್ತಾರೆ?

ಇನ್ನೊಂದು ಸಂಗತಿ. 2014ರ ಡಿಸೆಂಬರ್ ಕೊನೆಗೆ ಫುಕ್ತಾಲ್ ಮಠದ ಕಡೆಯ ಕಣಿವೆಯಲ್ಲಿ ಗುಡ್ಡ ಕುಸಿದು ನದಿ ಕಟ್ಟಿಕೊಂಡಿತು, ಸರೋವರವಾಯಿತು. 2015ರ ಮೇ 7ರಂದು ಅದು ಒಡೆದಾಗ ಪ್ರಾಣಹಾನಿಯಾಗಲಿಲ್ಲ, ಆದರೆ ಕೆಳಗಿನ ಸೇತುವೆಗಳು ಕೊಚ್ಚಿಹೋದವು. ಮಲೆನಾಡಿನ ಜನಕ್ಕೆ ಇದನ್ನು ವಿವರಿಸಬೇಕಾಗಿಲ್ಲ. ಕಾಲುಸಂಕ ಹೋದರೆ ಮಗುವಿಗೆ ಶಾಲೆ ಹೋಯಿತು, ಆಚೆ ದಡದ ಹೊಲ ಹೋಯಿತು. ಹೆದ್ದಾರಿಯ ಬೆಲೆ ಕಡತದಲ್ಲಿರುತ್ತದೆ. ಕಾಲುಸಂಕದ ಬೆಲೆ ಊರಿನವರಿಗಷ್ಟೇ ಗೊತ್ತು.

ಶಿಂಕು ಲಾ ಅಡಿಯಲ್ಲಿ 4.1 ಕಿಲೋಮೀಟರ್ ಉದ್ದದ ಅವಳಿ ಸುರಂಗದ ಮೊದಲ ಸಿಡಿತ 2024ರ ಜುಲೈ 26ರಂದು ಆಯಿತು. ಅದು ಮುಗಿದರೆ ಚಳಿಗಾಲದಲ್ಲೂ ವಾಹನ ಓಡೀತು. ಕೊರೆದ ಕಲ್ಲುಮಣ್ಣನ್ನು ನದಿಗೆ ತಳ್ಳದೆ ಎಲ್ಲಿ ಇಡಲಾಗುವುದೆಂದು ಕಣಿವೆಯ ಹಳ್ಳಿಗಳನ್ನು ಕೂಡಿಸಿ, ಅವರ ಭಾಷೆಯಲ್ಲಿ ತಿಳಿಸಬೇಕು. ರಸ್ತೆಯಿಂದ ಪ್ರತಿ ಹಳ್ಳಿಗೂ ಗಟ್ಟಿಯಾದ ಕಾಲುಸೇತುವೆ ಆಗಬೇಕು. ಜನವರಿಯಲ್ಲೂ ಪದುಮ್‌ನಲ್ಲಿ ಶಸ್ತ್ರಚಿಕಿತ್ಸೆ ಮಾಡಬಲ್ಲ ವೈದ್ಯರಿರಬೇಕು. ಇಲ್ಲವಾದರೆ ಆ ಹೆಂಗಸು ಹೊಸ ರಸ್ತೆಯಲ್ಲೂ ಲೇಹ್‌ವರೆಗೆ ಹೋಗಲೇಬೇಕಾಗುತ್ತದೆ, ಕಲ್ಲು ಉದುರುವ ಅದೇ ಇಳಿಜಾರಿನ ಕೆಳಗೆ.