ಬರ್ಡ್‌ನ ಮೋಟೆಟ್‌ಗೆ ನಾಲ್ಕು ಕಂಠ ಸಾಕು

ಇಂಗ್ಲಿಷ್ ಸಂಗೀತ ರಚನಕಾರ ವಿಲಿಯಂ ಬರ್ಡ್ 1605ರ ‘ಗ್ರಾಜುವಾಲಿಯ’ ಸಂಪುಟದಲ್ಲಿ ಅಚ್ಚು ಹಾಕಿಸಿದ ‘ಆವೆ ವೇರುಮ್ ಕೋರ್ಪುಸ್’ ಎಂಬ ಲ್ಯಾಟಿನ್ ಮೋಟೆಟ್, ಅಂದರೆ ಹಲವು ಕಂಠಗಳ ಭಕ್ತಿಗೀತೆ, ಇಂದು ಹೆಚ್ಚಾಗಿ ಕೆಥೀಡ್ರಲ್‌ಗಳಲ್ಲಿ, ದೊಡ್ಡ ಗಾಯನವೃಂದಗಳ ಬಾಯಲ್ಲಿ ಕೇಳಿಸುತ್ತದೆ. ವಾದ್ಯದ ಆಸರೆಯಿಲ್ಲ. ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂಬ ನಾಲ್ಕು ಧಾರೆಗಳು, ನಾಲ್ಕೇ ನಿಮಿಷದ ಆಸುಪಾಸು. ಕಮಾನುಗಳಡಿ ಅದು ತೇಲಿ ಬರುವಾಗ ಹಿತವೆನಿಸುತ್ತದೆ, ನಿಜ. ಆದರೆ ಆ ಹಿತದಲ್ಲೇ ಕೃತಿಯ ಕಸುವು ಕರಗಿಹೋಗುತ್ತದೆ. ಇದು ಧಾರೆಗೊಬ್ಬರಂತೆ, ಒಂದು ಕೋಣೆಯೊಳಗೆ ಹಾಡಬೇಕಾದ ಸಂಗೀತ.

ಅಂದಿನ ಇಂಗ್ಲೆಂಡಿನಲ್ಲಿ ಕ್ಯಾಥೊಲಿಕ್ ಪೂಜೆ ಅಪರಾಧವಾಗಿತ್ತು. 1581ರ ಕಾಯ್ದೆಯ ಪ್ರಕಾರ ಸರ್ಕಾರಿ ಚರ್ಚಿಗೆ ಹೋಗದವರಿಗೆ ತಿಂಗಳಿಗೆ 20 ಪೌಂಡ್ ದಂಡ; 1585ರ ಕಾಯ್ದೆ ಬಂದ ಮೇಲೆ ಪಾದ್ರಿಗೆ ಆಶ್ರಯ ಕೊಟ್ಟವರ ತಲೆಯೇ ಹೋಗಬಹುದಿತ್ತು. ರಾಣಿ ಎಲಿಜಬೆತ್‌ಳ ಅರಮನೆ ಚಾಪೆಲ್‌ನ ಸಂಗೀತಗಾರನಾಗಿದ್ದರೂ ಬರ್ಡ್ ಕ್ಯಾಥೊಲಿಕ್ ನಂಬಿಕೆ ಬಿಡಲಿಲ್ಲ. 1590ರ ದಶಕದಲ್ಲಿ ಎಸೆಕ್ಸ್‌ನ ಸ್ಟಾಂಡನ್ ಮ್ಯಾಸಿ ಎಂಬ ಹಳ್ಳಿಗೆ ಮನೆ ಬದಲಿಸಿದ. ಅವನ ಪೋಷಕರಾದ ಪೀಟರ್ ಮನೆತನದವರ ಬಂಗಲೆ ಅಲ್ಲಿಗೆ ಹತ್ತಿರ. ಅಂಥ ಮನೆಗಳಲ್ಲಿ ಬಾಗಿಲು ಹಾಕಿಕೊಂಡು ನಡೆಯುತ್ತಿದ್ದ ಪೂಜೆಗೆ ಒದಗುವ ಹಾಡುಗಳಿವು. ಈ ಸಂಪುಟದ ಪ್ರತಿ ಜೊತೆಗಿದ್ದ ಕಾರಣಕ್ಕೆ ಶಾರ್ಲ್ ದ ಲಿನ್ಯಿ ಎಂಬ ಫ್ರೆಂಚ್ ತರುಣ ಸೆರೆಯಾದ.

ಈಗ ಮೊದಲ ಸಾಲನ್ನೇ ಹತ್ತಿರದಿಂದ ಕೇಳಿ. ಎರಡನೆಯ ಸ್ವರಮೇಳದಲ್ಲಿ ಸೊಪ್ರಾನೊ ಎಫ್ ಶಾರ್ಪ್ ಹಾಡುತ್ತದೆ. ‘ನಿಜವಾದ’ ಎಂಬರ್ಥದ ‘ವೇರುಮ್’ ಪದ ಬರುತ್ತಲೇ ಬಾಸ್ ಎಫ್ ನ್ಯಾಚುರಲ್‌ಗೆ ಬಂದು ನಿಲ್ಲುತ್ತದೆ. ಡಿ ಸ್ವರವನ್ನು ಷಡ್ಜವೆಂದು ಹಿಡಿದರೆ ಅಂತರ ಗಾಂಧಾರದ ಬೆನ್ನಿಗೇ ಸಾಧಾರಣ ಗಾಂಧಾರ ಬಂದಂತೆ, ಅದೂ ಬೇರೆ ಕಂಠದಿಂದ. ಪೂಜೆಯ ರೊಟ್ಟಿಯಲ್ಲಿ ಕ್ರಿಸ್ತನ ನಿಜದೇಹವೇ ಇದೆಯೇ ಎಂಬುದು ಆ ಕಾಲದ ಕ್ಯಾಥೊಲಿಕ್-ಪ್ರಾಟೆಸ್ಟೆಂಟ್ ಜಗಳದ ತಿರುಳು. ಬರ್ಡ್ ತನ್ನ ಗಾಂಧಾರಗಳ ತಿಕ್ಕಾಟವನ್ನು ಇಟ್ಟದ್ದು ಸರಿಯಾಗಿ ಆ ಪದದ ಮೇಲೆ. ಜೊತೆಗೆ ಆಗ ಪ್ರತಿ ಧಾರೆಗೂ ಪ್ರತ್ಯೇಕ ಹೊತ್ತಗೆ. ಸೊಪ್ರಾನೊ ಹಾಡುವವರ ಕಣ್ಣಿಗೆ ಬಾಸ್‌ನ ಸ್ವರ ಬೀಳುವುದೇ ಇಲ್ಲ, ಕಿವಿಗೊಟ್ಟೇ ತಿಳಿಯಬೇಕು. ನಲವತ್ತು ಕಂಠಗಳ ಮೊಳಗಿನಲ್ಲಿ, ಕಲ್ಲಿನ ಗೋಡೆಗಳ ಅನುರಣನದಲ್ಲಿ ಈ ತಿಕ್ಕಾಟ ಮಸುಕಾಗುತ್ತದೆ. ಕೊನೆಗೆ ಬರುವ ಕರುಣೆಯ ಮೊರೆಯೂ ‘ನಮ್ಮ ಮೇಲೆ’ ಎನ್ನುವುದಿಲ್ಲ, ‘ನನ್ನ ಮೇಲೆ’ ಎನ್ನುತ್ತದೆ. ಆ ಏಕವಚನಕ್ಕೆ ಒಂಟಿ ಕಂಠವೇ ಒಪ್ಪುತ್ತದೆ.

ಸಂಪುಟ ಗುಟ್ಟಾಗಿ ಹಂಚಿದ್ದಲ್ಲ, ಬರ್ಡ್‌ನ ಹೆಸರಿನಲ್ಲೇ ಅಚ್ಚಾಗಿ ಶ್ರೀಮಂತನೊಬ್ಬನಿಗೆ ಅರ್ಪಿತವಾದದ್ದು. ಹಾಗಿರುವಾಗ ಇದನ್ನು ಕೋಣೆಗೆ ಕಟ್ಟಿಹಾಕುವುದೇಕೆ ಎಂದು ಕೇಳಬಹುದು. ಅಚ್ಚು ಬಹಿರಂಗವಾಗಿತ್ತು, ಒಪ್ಪಿದೆ. ಅದನ್ನು ಹಾಡಬೇಕಾದ ಪೂಜೆ ಮಾತ್ರ ನಿಷಿದ್ಧವಾಗಿತ್ತು. ಇನ್ನೂ ಗಟ್ಟಿಯಾದ ಆಕ್ಷೇಪ ಇದು: ದೊಡ್ಡ ವೃಂದಗಳು ಕೈಗೆತ್ತಿಕೊಂಡಿರದಿದ್ದರೆ ನಮ್ಮಂಥ ದೂರದವರಿಗೆ ಬರ್ಡ್ ಕೇಳಿಸುತ್ತಲೇ ಇರಲಿಲ್ಲ. ಆ ಋಣ ದೊಡ್ಡದು, ಅಲ್ಲಗಳೆಯಲಾಗದು. ಆದರೆ ಅದನ್ನು ತೀರಿಸಲು ಕೃತಿಯ ಅಳತೆಯನ್ನೇ ಬದಲಿಸಬೇಕಿಲ್ಲ. ವೃಂದದ ನಿರ್ದೇಶಕರು ಈ ಒಂದು ಹಾಡಿಗೆ ನಾಲ್ವರನ್ನು ಮುಂದೆ ನಿಲ್ಲಿಸಿ, ಉಳಿದವರನ್ನು ಕೇಳುಗರಾಗಿ ಕೂರಿಸಲಿ. ನೀವೂ ಧ್ವನಿಮುದ್ರಣ ಹುಡುಕುವಾಗ ಧಾರೆಗೊಂದೇ ಕಂಠವಿರುವುದನ್ನು ಆರಿಸಿ, ‘ವೇರುಮ್’ ಬಂದಾಗ ಬಾಸ್‌ಗೆ ಕಿವಿಗೊಡಿ.