‘ಬದಲಾಗು’ ಎಂದರೆ ಸಾಲದು

ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಹತ್ತನೆಯ ತರಗತಿಯ ಪರೀಕ್ಷೆ ಸಮೀಪಿಸಿದೊಡನೆ ನಾನು ಕಪ್ಪುಹಲಗೆಯ ಮೇಲೆ ಇಂಗ್ಲಿಷಿನ ‘ಫ್ರೇಸಲ್ ವರ್ಬ್’ಗಳ ಪಟ್ಟಿಯೊಂದನ್ನು ಬರೆದು ಬಾಯಿಪಾಠ ಮಾಡಿಸುತ್ತಿದ್ದೆ. ಸ್ವಿಚ್ ಓವರ್, ಮೂವ್ ಆನ್, ಟರ್ನ್ ಇಂಟು – ಮೂರರ ಎದುರಿಗೂ ‘ಬದಲಾಗು’ ಎಂಬ ಒಂದೇ ಅರ್ಥ. ಒಮ್ಮೆ ಕಿರುಪರೀಕ್ಷೆಯಲ್ಲಿ ಹುಡುಗನೊಬ್ಬ ‘ವಾಟರ್ ಮೂವ್ಸ್ ಆನ್ ಟು ಐಸ್’ ಎಂದು ಬರೆದ. ಕೆಂಪು ಶಾಯಿಯಿಂದ ಹೊಡೆದುಹಾಕಿದೆ. ಉತ್ತರಪತ್ರಿಕೆ ಕೈಸೇರಿದಾಗ ಆತ ಎದ್ದು ನಿಂತು, “ಸಾರ್, ನೀವು ಬರೆಸಿದ ಅರ್ಥವೇ ಅದಲ್ಲವೇ?” ಎಂದು ಕೇಳಿದ. ಗದರಿಸಿ ಕೂರಿಸಿದೆ. ತಪ್ಪು ನನ್ನದು, ಅಂಕ ಹೋದದ್ದು ಅವನದು.

ಇಂದು ಮೊಮ್ಮಕ್ಕಳ ಕೈಯಲ್ಲಿ ಕಾಣುವ ಗೈಡುಗಳಲ್ಲಿಯೂ ಅಂಥದೇ ಪಟ್ಟಿಗಳು. ಈ ಗಿಳಿಪಾಠ ನಿಲ್ಲಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಇಂಥ ಕ್ರಿಯಾಪದಗಳಲ್ಲಿ ಬದಲಾವಣೆಯ ಬಗೆಯನ್ನು ತಿಳಿಸುವುದು ಬಾಲದಂತೆ ಅಂಟಿಕೊಂಡಿರುವ ಪುಟ್ಟ ಪದ. ‘ಓವರ್’ ಈ ದಡದಿಂದ ಆ ದಡಕ್ಕೆ ದಾಟಿಸುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವುದು ಅದರ ಭಾವ. 1971ರ ಫೆಬ್ರವರಿ 15ರಂದು ಬ್ರಿಟನ್, ಪೌಂಡಿಗೆ 240 ಪೆನ್ನಿಗಳ ಹಳೆಯ ಲೆಕ್ಕವನ್ನು ತೊರೆದು 100 ಪೆನ್ನಿಗಳ ದಶಮಾಂಶ ಪದ್ಧತಿಗೆ ಬಂದಿತು. ಅದು ‘ಚೇಂಜ್ ಓವರ್’. 2012ರಲ್ಲಿ ಅಲ್ಲಿಯ ಟೆಲಿವಿಷನ್ ಪ್ರಸಾರ ಅನಲಾಗ್ ಪದ್ಧತಿಯನ್ನು ಬಿಟ್ಟು ಸಂಪೂರ್ಣವಾಗಿ ಡಿಜಿಟಲ್ ಆಯಿತು. ಅದು ‘ಸ್ವಿಚ್ ಓವರ್’. ‘ಆನ್’ ಎಂದರೆ ಹಿಡಿದ ದಾರಿಯಲ್ಲಿಯೇ ಮುಂದಕ್ಕೆ. ಒಂದು ಪಾಠ ಮುಗಿಸಿ ಮುಂದಿನ ಪಾಠಕ್ಕೆ ಹೋಗುವುದು ‘ಮೂವ್ ಆನ್’. ‘ಇಂಟು’ ಬಂದರೆ ವಸ್ತುವೇ ಇನ್ನೊಂದು ರೂಪದೊಳಕ್ಕೆ ಹೊಕ್ಕಂತೆ. ನೀರು ಮಂಜುಗಡ್ಡೆಯಾಗುವುದು ‘ಟರ್ನ್ ಇಂಟು’. ಹೊಸದು ಕೈಕೊಟ್ಟಾಗ ಹಳೆಯದರ ಆಸರೆಗೆ ಮರಳಿದರೆ ಅದು ‘ಫಾಲ್ ಬ್ಯಾಕ್ ಆನ್’. ಆ ಹುಡುಗನಿಗೆ ಇಷ್ಟನ್ನು ತಿಳಿಸಲು ಕಾಲು ಗಂಟೆ ಸಾಕಿತ್ತು.

ಈ ಸೂಕ್ಷ್ಮ ನಮ್ಮ ಮಕ್ಕಳಿಗೆ ನಿಲುಕದು ಎನ್ನುವವರಿದ್ದಾರೆ. ಕಷ್ಟವೆಂಬುದು ನಿಜ. ಇಂಥ ಪದಗಳು ಪರದೇಶೀಯರಿಗೆ ಬಹಳ ತೊಡಕಿನವೆಂದು ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲಿಯೇ ಒಪ್ಪಿಕೊಂಡಿದ್ದಾನೆ. ಆದರೆ ‘ಹೇಳಿಬಿಟ್ಟೆ’, ‘ಹೇಳಿಕೊಂಡೆ’, ‘ಹೇಳಿಕೊಟ್ಟೆ’ ಎಂಬವುಗಳ ಅಂತರವನ್ನು ನಮ್ಮ ಮಕ್ಕಳು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಬಲ್ಲರು. ಈ ಮೂರಕ್ಕೂ ‘ಹೇಳು’ ಎಂಬ ಒಂದೇ ಅರ್ಥ ಬರೆಸಿ ಪರಭಾಷಿಕನೊಬ್ಬನಿಗೆ ಯಾರಾದರೂ ಕನ್ನಡ ಕಲಿಸಹೊರಟರೆ ನಾವು ನಗುವುದಿಲ್ಲವೇ?

ಎಲ್ಲವೂ ಈ ಸೂತ್ರಕ್ಕೆ ಒಳಪಡುವುದಿಲ್ಲ ಎಂಬುದನ್ನೂ ಬಲ್ಲೆ. ‘ಗೋ ಓವರ್’ ಎಂಬುದಕ್ಕೆ ಮತ್ತೊಮ್ಮೆ ಪರಿಶೀಲಿಸು ಎಂಬ ಅರ್ಥವೂ ಉಂಟು. ಅಂಥವನ್ನು ಬಳಕೆಯಿಂದಲೇ ಕಲಿಯಬೇಕು. ಆದರೆ ಕೆಲವು ತಿಳಿಯಾಗಿ ಬಿಡಿಸಲು ಬಾರದವೆಂಬ ನೆಪದಿಂದ, ಬಿಡಿಸಬಲ್ಲವನ್ನೂ ಉರುಹೊಡೆಸುವುದು ಪಾಠವಲ್ಲ, ಮೈಗಳ್ಳತನ.

ಶಿಕ್ಷಕವೃತ್ತಿಯಲ್ಲಿರುವ ನನ್ನ ಶಿಷ್ಯರಲ್ಲಿ ಒಂದು ವಿನಂತಿ. ಪಟ್ಟಿಯನ್ನು ಒರೆಸಿ ವಾಕ್ಯಗಳನ್ನು ಬರೆಯಿರಿ. ಹುಡುಗನೊಬ್ಬ ಎದ್ದು ನಿಂತು ಕೇಳಿದರೆ ಕೂರಿಸಬೇಡಿ. ಅಂದು ನನ್ನನ್ನು ಪ್ರಶ್ನಿಸಿದವನು ಇದನ್ನು ಓದುತ್ತಿದ್ದರೆ, ಅಪ್ಪಾ, ಆ ಅಂಕ ನಿನಗೆ ಸಲ್ಲಬೇಕಾದದ್ದು.