ಅಪ್ಪನ ಡಾಲ್ಫಿನ್ ಕಾರು ಮತ್ತು ಒಂದು ಡಿ.ಸಿ. ಮನ್ನಾ ಫೈಲು



ಮೊನ್ನೆ ಅಪ್ಪನ ಹಳೇ ಕಾರಿನ ಫೋಟೋ ಹಾಕಿದ್ದಕ್ಕೆ ಎರಡು ಬಗೆಯ ಮಾತು ಬಂತು. ಒಂದು ಗೊತ್ತಿದ್ದದ್ದೇ: "ಮೀಸಲಾತಿಯಲ್ಲಿ ಕಾರೂ ಕೊಡ್ತಾರಾ?" ಅದಕ್ಕೆ ಉತ್ತರ ಬರೆದು ಟೈಮ್ ಹಾಳು ಮಾಡುವುದಿಲ್ಲ. ಇನ್ನೊಂದು ನಮ್ಮವರದ್ದೇ. ಸಂಘಟನೆಯ ಹಿರಿಯಣ್ಣ ಒಬ್ಬರು ಇನ್‌ಬಾಕ್ಸಿಗೆ ಬಂದು, "ತಮ್ಮಾ, ಆ ದುಡ್ಡಲ್ಲಿ ಎರಡು ಮಕ್ಕಳ ಕಾಲೇಜು ಫೀಸ್ ಆಗ್ತಿತ್ತಲ್ಲ" ಅಂದರು. ಇದು ತಾಗಿತು. ಮೂರು ದಿನ ತಲೆಯಲ್ಲಿ ಇಟ್ಟುಕೊಂಡು ಈಗ ಬರೀತಿದ್ದೇನೆ.

ಮೊದಲು ಕಾರಿನ ಕತೆ. ಇದು ಡಾಲ್ಫಿನ್. ಬೆಂಗಳೂರಿನ ಸಿಪಾನಿಯವರು 1982ರಲ್ಲಿ ತಂದ, ನಮ್ಮ ಕರ್ನಾಟಕದ್ದೇ ಕಾರು. ಮೂಲ ವಿನ್ಯಾಸ ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್‌ನದ್ದು. ಎರಡೇ ಬಾಗಿಲು, 848 ಸಿ.ಸಿ. ಅಲ್ಯೂಮಿನಿಯಂ ಎಂಜಿನ್, ಫೈಬರ್ ಬಾಡಿ. ಹಗುರ ಇದ್ದದ್ದರಿಂದ ಮದ್ರಾಸಿನ ಶೋಳಾವರಂ ರೇಸಿನಲ್ಲಿ, ರ್‍ಯಾಲಿಗಳಲ್ಲಿ ದೊಡ್ಡ ಕಾರುಗಳಿಗೆ ಬೆವರಿಳಿಸಿದ್ದು ಇದೇ. ಇದೇ ರಿಲಯಂಟ್ ಕಂಪನಿಯ ಸಿಮಿಟರ್ ಸ್ಪೋರ್ಟ್ಸ್ ಕಾರನ್ನು ಬ್ರಿಟನ್ನಿನ ರಾಜಕುಮಾರಿ ಆನ್ ಓಡಿಸುತ್ತಿದ್ದಳು. ಹಾಗಾಗಿ ಅಪ್ಪ ಇದನ್ನು "ನಮ್ಮ ರೇಸ್ ಕಾರು" ಅಂತ ಕರೆಯುತ್ತಿದ್ದದ್ದು ಪೂರಾ ಬಡಾಯಿ ಅಲ್ಲ. 1983ರ ಡಿಸೆಂಬರಿಗೆ ಮಾರುತಿ 800 ಬಂತು, ನಾಲ್ಕು ಬಾಗಿಲಿನದ್ದು. ಡಾಲ್ಫಿನ್ ಕತೆ ಅಲ್ಲಿಗೆ ಮುಗಿಯಿತು. ಮಣಿಪಾಲದ ಡಾಕ್ಟರ್ ಒಬ್ಬರು ಮಾರುತಿ ತೆಗೊಂಡಾಗ ಯಾರಿಗೂ ಬೇಡವಾದ ಈ ಕಾರು ಅಪ್ಪನಿಗೆ ಸಿಕ್ಕಿತು. 1969ರಲ್ಲಿ ಬ್ಯಾಂಕುಗಳು ರಾಷ್ಟ್ರೀಕರಣ ಆಗದೇ ಇದ್ದಿದ್ದರೆ, ಆಮೇಲೆ ಅಲ್ಲಿ ಮೀಸಲಾತಿ ಬರದೇ ಇದ್ದಿದ್ದರೆ ಅಪ್ಪ ಬ್ಯಾಂಕಿನ ಬಾಗಿಲೊಳಗೆ ಹೋಗ್ತಿರಲಿಲ್ಲ. ಅಟೆಂಡರ್ ಆಗಿ ಸೇರಿ ಕ್ಲರ್ಕ್ ಆದವರು, ಸಾಲ ಮಾಡಿ ತೆಗೊಂಡರು.

ಅವರು ತೀರಿಕೊಂಡ ಮೇಲೆ ಕಾರು ಕಾಪುವಿನ ಮನೆಯ ಹಿಂದೆ ಟಾರ್ಪಾಲಿನ ಅಡಿ ಬಿದ್ದಿತ್ತು. ಸಮುದ್ರದ ಉಪ್ಪು ಗಾಳಿ. ಫೈಬರಿಗೆ ತುಕ್ಕು ಹಿಡಿಯುವುದಿಲ್ಲ, ಸರಿ. ಆದರೆ ಅಡಿಯ ಚಾಸಿ ಕಬ್ಬಿಣದ್ದು. ಮೇಲಿಂದ ನೋಡಿದರೆ ಕಾರು ಚಂದ ಉಂಟು, ಅಡಿಗೆ ಹೋಗಿ ಸ್ಕ್ರೂಡ್ರೈವರ್ ಚುಚ್ಚಿದರೆ ಹಪ್ಪಳದ ಹಾಗೆ ಉದುರುತ್ತದೆ. ಅದನ್ನು ಲಾರಿಯಲ್ಲಿ ಹೇರಿ ಕಾರ್ಕಳಕ್ಕೆ ಕೊಂಡುಹೋಗಿ, ಬಾಡಿ ಎತ್ತಿ ಇಟ್ಟು, ಚಾಸಿಯ ಕೊಳೆತ ಭಾಗ ಕತ್ತರಿಸಿ ಹೊಸ ಪ್ಲೇಟ್ ವೆಲ್ಡ್ ಮಾಡಿಸಿದ್ದಾಯ್ತು. ಬಾಡಿಯ ಬಿರುಕಿಗೆ ಯಾವ ಗ್ಯಾರೇಜಿನವರೂ ಕೈ ಹಾಕಲಿಲ್ಲ. ಕೊನೆಗೆ ಬಂದದ್ದು ಫೈಬರ್ ದೋಣಿ ರಿಪೇರಿ ಮಾಡುವ ನಮ್ಮೂರಿನ ಹುಡುಗ. ಬಿರುಕನ್ನು ಅಗಲಕ್ಕೆ ಉಜ್ಜಿ, ಹಿಂದಿನಿಂದ ಮ್ಯಾಟ್ ಇಟ್ಟು, ರೆಸಿನ್ ಬಳಿದು, ಪದರದ ಮೇಲೆ ಪದರ. "ಮಳೆಗಾಲದಲ್ಲಿ ಆಗುದಿಲ್ಲ ಅಣ್ಣ, ಪಸೆ ಇದ್ರೆ ಸರಿ ಗಟ್ಟಿ ಆಗುದಿಲ್ಲ" ಅಂತ ನಾಲ್ಕು ತಿಂಗಳು ಕಾಯಿಸಿದ. ಈವರೆಗೆ 1,40,000 ರೂಪಾಯಿ ಆಗಿದೆ. ಮುಚ್ಚಿಡುವುದೆಂತ?

ಈಗ ಅಣ್ಣನ ಪ್ರಶ್ನೆ.

ಧರ್ಮಸ್ಥಳದ ಮ್ಯೂಸಿಯಂನಲ್ಲಿ ಹಳೇ ಕಾರುಗಳ ಸಾಲು ನೋಡಿದ್ದೀರಲ್ಲ. ಮಣಿಪಾಲದ ಹೆರಿಟೇಜ್ ವಿಲೇಜ್‌ನಲ್ಲಿ ವಿಜಯನಾಥ ಶೆಣೈಯವರು ಹಳೇ ಮನೆಗಳನ್ನು ಕಂಬ ಕಂಬವಾಗಿ ಬಿಚ್ಚಿ ತಂದು ನಿಲ್ಲಿಸಿದ್ದಾರೆ. ದೊಡ್ಡ ಕೆಲಸ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಉಳಿಸಬೇಕಾದರೆ ಮೊದಲು ಏನಾದರೂ ಇರಬೇಕಲ್ಲ ಮಾರಾಯ್ರೆ. ನನ್ನ ಅಜ್ಜಿಯ ಮಡಲಿನ ಗುಡಿಸಲು ಎರಡು ಮಳೆಗಾಲ ತಡೆಯುತ್ತಿರಲಿಲ್ಲ. ತುಳುನಾಡಿನಲ್ಲಿ ಮೂಲದ ಆಳುಗಳನ್ನು ಜಮೀನಿನ ಜೊತೆ ಮಾರುವ, ಅಡವಿಡುವ, ಅಪ್ಪನಿಂದ ಮಗನಿಗೆ ದಾಟಿಸುವ ಪದ್ಧತಿ ಇತ್ತು. ಕಾಗದದಲ್ಲಿ ಅದು 1843ಕ್ಕೆ ನಿಂತಿತು. ಅಂದರೆ ನಮ್ಮ ಹಿರಿಯರಿಗೆ ಆಸ್ತಿ ಇರಲಿಲ್ಲ ಅನ್ನುವುದು ಅರ್ಧ ಮಾತು. ಅವರೇ ಇನ್ನೊಬ್ಬರ ಪಿತ್ರಾರ್ಜಿತ ಆಸ್ತಿ. ಅಂಥ ವಂಶದಲ್ಲಿ ಅಪ್ಪ ಅನ್ನುವವನು ಮಗನಿಗೆ ಬಿಟ್ಟುಹೋದ ಮೊದಲ ವಸ್ತು ಈ ಕಾರು. ಗುಜರಿಗೆ ಕೊಟ್ಟಿದ್ದರೆ ಹತ್ತು ಹನ್ನೆರಡು ಸಾವಿರ.

ಬಾಬಾಸಾಹೇಬರ ಚಾಳಿಸಗಾಂವ್ ಪ್ರಸಂಗ ನಿಮಗೆಲ್ಲ ಗೊತ್ತು. 1929. ಬಾಬಾಸಾಹೇಬರನ್ನು ಕೂರಿಸಿಕೊಂಡು ಹೋಗಲು ಟಾಂಗಾದವನು ಒಪ್ಪಲಿಲ್ಲ. ಓಡಿಸಲು ಬಾರದ ನಮ್ಮವನೇ ಕೂತ, ಟಾಂಗಾ ಬಿತ್ತು, ಬ್ಯಾರಿಸ್ಟರ್ ಕಾಲು ಮುರಿಯಿತು. ಕುದ್ಮುಲ್ ರಂಗರಾಯರ ಆಸೆಯೂ ಗೊತ್ತು, ಮಂಗಳೂರಿನ ಅವರ ಸಮಾಧಿಯಲ್ಲಿ ಕೆತ್ತಿದ್ದಾರೆ: ದಲಿತರ ಮಗು ಓದಿ ಸರಕಾರಿ ಕೆಲಸಕ್ಕೆ ಸೇರಿ ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು ಅಂತ. ರಾಯರ ಮೇಲೆ ಗೌರವ ಉಂಟು. ಆದರೆ ನನಗೆ ಧೂಳು ಯಾರ ತಲೆ ಮೇಲೂ ಬೀಳುವುದು ಬೇಡ. ಕಾರು ನಮ್ಮ ಹೆಸರಲ್ಲಿರಲಿ, ಕೀಲಿ ನಮ್ಮ ಕೈಯಲ್ಲಿರಲಿ.

ಹೆಸರಿನ ವಿಷಯಕ್ಕೆ ಬಂದೆ, ಅಸಲು ಸಂಗತಿ ಇಲ್ಲೇ ಇರುವುದು. ಅಪ್ಪ ಬಿಟ್ಟುಹೋದದ್ದು ಎರಡು ಫೈಲು. ಒಂದರಲ್ಲಿ ಕಾರಿನ ಆರ್.ಸಿ. ಮರಣ ಪ್ರಮಾಣಪತ್ರ, ವಾರಸುದಾರರ ಪತ್ರ, ಫಾರಂ 31 ಕೊಟ್ಟೆ. ಕಾರು ನನ್ನ ಹೆಸರಿಗೆ ಬಂತು. ಇನ್ನೊಂದರಲ್ಲಿ ಕಾರ್ಕಳ ಕಡೆಯ ಒಂದು ಡಿ.ಸಿ. ಮನ್ನಾ ಜಾಗದ ಅರ್ಜಿ. ಬ್ರಿಟಿಷರ ಕಾಲದಲ್ಲಿ ನಮ್ಮ ಜನಕ್ಕೆ ಅಂತಲೇ ಮೀಸಲಿಟ್ಟ ಭೂಮಿ ಅದು. 1974ರ ಭೂಸುಧಾರಣೆ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು. ಗೇಣಿಯೂ ಇಲ್ಲದೆ ಕೂಲಿಗಿದ್ದ ನಮಗೆ ಉಳಿದಿದ್ದ ದಾರಿ ಈ ಡಿ.ಸಿ. ಮನ್ನಾ ಒಂದೇ. ಅಲ್ಲಿ ಈಗ ಬೇರೆಯವರ ಅಡಿಕೆ ತೋಟ. ಅಜ್ಜ ಅರ್ಜಿ ಹಾಕಿದ್ದರು, ಅಪ್ಪ ಹಾಕಿದರು, ಈಗ ನಾನು. ಯಾರೂ ಓಡಿಸದ ಹಳೇ ಕಾರನ್ನು ತಂದೆಯಿಂದ ಮಗನಿಗೆ ದಾಟಿಸಲು ಸರಕಾರಕ್ಕೆ ಬರುತ್ತದೆ, ನಮ್ಮದೇ ಭೂಮಿಯನ್ನು ದಾಟಿಸಲು ಬರುವುದಿಲ್ಲ.

ಅಣ್ಣಾ, ಮಕ್ಕಳ ಫೀಸಿನ ಮಾತು ಸರಿ, ಅದರ ಲೆಕ್ಕ ಬೇರೆ ಕೊಡ್ತೇನೆ. ಆದರೆ ನಮ್ಮ ಹುಡುಗರು ಇಟ್ಟುಕೊಂಡದ್ದೆಲ್ಲ ಉಪಯೋಗಕ್ಕೆ ಬರಲೇಬೇಕು, ಚಂದದ್ದನ್ನು ಸುಮ್ಮನೆ ಇಟ್ಟುಕೊಳ್ಳುವ ಹಕ್ಕು ಬೇರೆಯವರಿಗೆ ಮಾತ್ರ ಅಂತ ನಾವೇ ನಿಯಮ ಮಾಡಬಾರದು. 2021ರ ನಿಯಮದಲ್ಲಿ 50 ವರ್ಷ ದಾಟಿದ ಕಾರಿಗೆ ವಿಂಟೇಜ್ ನೋಂದಣಿ. ನಮ್ಮದು 1984ರದ್ದು. 2034ರವರೆಗೆ ಕಾಪಾಡಬೇಕು. ಅಷ್ಟರೊಳಗೆ ಆ ಇನ್ನೊಂದು ಫೈಲೂ ಮುಗಿಯಬೇಕು ಅಂತ ನನ್ನ ಹಟ.

ಬ್ರೇಕಿನ ಕೆಲಸ ಬಾಕಿ ಉಂಟು. ಅದಾದ ದಿನ ಮೊದಲ ಸವಾರಿ ಕಾರ್ಕಳದ ತಾಲೂಕು ಕಚೇರಿಗೆ, ಫೈಲು ಹಿಡ್ಕೊಂಡು. ಅಣ್ಣ ಬರುವುದಾದರೆ ಮುಂದಿನ ಸೀಟು ನಿಮಗೆ. ಎರಡೇ ಬಾಗಿಲು, ಹಿಂದೆ ಹತ್ತಲಿಕ್ಕೆ ನಿಮ್ಮ ಮೊಣಕಾಲು ಬಿಡುವುದಿಲ್ಲ.